ಹಾರ್ನಿಗೆ ಬಂದ ನೆಗಡಿ

ನನ್ನೊಡನೆ ಮಾತನಾಡುವವರು ದಯವಿಟ್ಟು ಬಲಗಡೆಗೆ ಕುಳಿತುಕೊಳ್ಳಬೇಕು. ಎಡಗಿವಿ ಕಾಂದಿವಲಿಯ ಕಾರ್ಖಾನೆಯಲ್ಲಿದ್ದಾಗಲೇ ನಿವೃತ್ತಿ ಪಡೆಯಿತು. ನಾನು ಅದಕ್ಕಿಂತ ಕೆಲವು ವರ್ಷ ತಡವಾಗಿ ಪಡೆದೆ.

ಇದನ್ನು ಬರೆಯಲು ಕಾರಣ ನಮ್ಮ ಬಿಲ್ಡಿಂಗಿನ ಪ್ರಿಯಾ. ಮನೆಮಾತು ಕನ್ನಡವಾದರೂ ಅರ್ಧ ವಾಕ್ಯ ದಾಟುವಷ್ಟರಲ್ಲಿ ಹಿಂದಿಗೆ ಜಾರಿಬಿಡುವ ಹುಡುಗಿ. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಕ್ವಾಲಿಟಿ ವಿಭಾಗಕ್ಕೆ ಹೊಸದಾಗಿ ಸೇರಿದ್ದಾಳೆ. ಪೇಡೆ ಕೊಡಲು ಬಂದವಳು, “ಅಂಕಲ್, ನೀವೂ ಕ್ವಾಲಿಟಿಯಲ್ಲೇ ಇದ್ರಂತೆ. ಎಕ್ಸಾಕ್ಟ್ಲಿ ಏನ್ ಮಾಡ್ತಿದ್ರಿ?” ಎಂದು ಕೇಳಿದಳು. ಹಾರ್ನ್ ಬಾರಿಸುತ್ತಿದ್ದೆ ಎಂದೆ. ನಕ್ಕಳು. ಆಮೇಲೇನು ಮಾಡುತ್ತಿದ್ದಿರಿ ಎಂದಳು. ಆಮೇಲೂ ಹಾರ್ನನ್ನೇ ಬಾರಿಸುತ್ತಿದ್ದೆ ಎಂದೆ. ತಮಾಷೆ ಎಂದುಕೊಂಡಿರಬೇಕು. ತಮಾಷೆ ಹೌದು, ಆದರೆ ಸುಳ್ಳಲ್ಲ. ಅವಳಿಗೂ ಅವಳಂಥವರಿಗೂ ಇರಲಿ ಎಂದು ನೆನಪಿದ್ದಷ್ಟನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿಕೊಂಡು ನಾನು ಮುಂಬಯಿಗೆ ಬಂದದ್ದು ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದಾಗ. ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಕ್ಕ-ಭಾವ ಇದ್ದರು. ಅವರಿಗೆ ಒಂದು ಕೋಣೆ, ಅವರ ಮಕ್ಕಳಿಗೆ ನಡುಮನೆ, ನನಗೆ ಬಾಲ್ಕನಿ. ಭಾವನ ಸ್ನೇಹಿತರೊಬ್ಬರು ಹೇಳಿದ್ದರಿಂದ ಕಾಂದಿವಲಿಯ ಹಾರ್ನ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಗೇಟಿನ ವಾಚ್‌ಮನ್ ನನ್ನ ಶ್ರೀಕಂಠ ಎಂಬ ಹೆಸರನ್ನು ಶ್ರೀಕಾಂತ್ ಎಂದು ಬರೆದುಕೊಂಡ. ತಿದ್ದೋಣವೆಂದರೆ ಆಗಲೇ ಪೆನ್ನಿನ ಕ್ಯಾಪ್ ಹಾಕಿಬಿಟ್ಟಿದ್ದ. ಅಂದಿನಿಂದ ಆ ಗೇಟಿನ ಒಳಗೆ ನಾನು ಶ್ರೀಕಾಂತನೇ. ಊರಿನಲ್ಲಿ ಅಮ್ಮ ಮಾತ್ರ ‘ಮಗ ಕಾರಿನ ಕಂಪನಿಯಲ್ಲಿದ್ದಾನೆ’ ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಳು. ಹಾರ್ನ್ ಎಂಬ ಶಬ್ದವನ್ನು ಅವಳು ಕೊನೆಯವರೆಗೂ ಬಾಯಿಬಿಟ್ಟು ಆಡಲಿಲ್ಲ.

ಹಾರ್ನಿನ ಒಳಗೆ ದೊಡ್ಡ ವಿದ್ಯೆಯೇನೂ ಇಲ್ಲ. ಒಂದು ತೆಳು ತಗಡು, ಅದರ ಹಿಂದೆ ತಂತಿ ಸುತ್ತಿದ ಕಾಯಿಲ್, ಕರೆಂಟನ್ನು ಕೂಡಿಸಿ ಬಿಡಿಸುವ ಎರಡು ಪಾಯಿಂಟುಗಳು. ಕರೆಂಟು ಹರಿದರೆ ತಗಡು ಕಂಪಿಸುತ್ತದೆ, ಕಂಪಿಸಿದರೆ ಕೂಗುತ್ತದೆ. ಹಿಂದುಗಡೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಒಂದು ಸ್ವರ, ಸಡಿಲಿಸಿದರೆ ಇನ್ನೊಂದು. ಅದನ್ನು ತಿರುಗಿಸಿ ಸರಿಯಾದ ಶ್ರುತಿಗೆ ತರುವವರು ಹೆಂಗಸರು. ತಯಾರಾದ ಹಾರ್ನುಗಳಲ್ಲಿ ಒಂದಿಷ್ಟನ್ನು ಆರಿಸಿ, ಇಟ್ಟಿಗೆಯ ಕೋಣೆಯೊಳಗೆ ಸಾಲಾಗಿ ಕಟ್ಟಿ, ಎಡೆಬಿಡದೆ ಕೂಗಿಸಿ, ಎಷ್ಟು ದಿನ ಬಾಳುತ್ತವೆ ಎಂದು ನೋಡುವವನು ನಾನು. ಆ ಕೋಣೆಗೆ ನಮ್ಮವರು ‘ಜೈಲು’ ಎನ್ನುತ್ತಿದ್ದರು. ಒಳಗಿರುವವರು ಎಷ್ಟು ಅರಚಿಕೊಂಡರೂ ಹೊರಗಿರುವವರು ಚಹಾ ಕುಡಿಯುತ್ತಿರುತ್ತಾರೆ ಎಂಬ ಅರ್ಥದಲ್ಲಿ.

ಕಾಂಪೌಂಡಿನ ಆಚೆ ಎಮ್ಮೆಗಳ ತಬೇಲಾ ಇತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುವ ಗಾದೆ ಮಾಡಿದವರು ಈ ತಬೇಲಾವನ್ನು ನೋಡಿರಲಿಲ್ಲ. ನಮ್ಮ ಹಾರ್ನಿನಿಂದ ಎಮ್ಮೆಗಳು ಹಾಲು ಕಡಿಮೆ ಮಾಡಿವೆ ಎಂದು ಅದರ ಮಾಲೀಕ ಭಯ್ಯಾ ಮೊದಲ ವರ್ಷ ಜಗಳಕ್ಕೆ ಬಂದ. ಮುಂದಿನ ವರ್ಷ ದೀಪಾವಳಿಗೆ ನಾವು ಕಾರ್ಖಾನೆ ಮುಚ್ಚಿದಾಗ ಮತ್ತೆ ಬಂದ. ಹಾರ್ನ್ ಇಲ್ಲದೆ ಎಮ್ಮೆಗಳು ಸೊರೆಬಿಡುತ್ತಿಲ್ಲವಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ಹಬ್ಬದ ಬೆಳಿಗ್ಗೆ ಆಂಟಾಪ್ ಹಿಲ್‌ನಿಂದ ಕಾಂದಿವಲಿಗೆ ಹೋಗಿ, ಎಮ್ಮೆಗಳಿಗಾಗಿ ಹಾರ್ನ್ ಬಾರಿಸಿ ಬಂದಿದ್ದೇನೆ. ಭಯ್ಯಾ ಒಂದು ಲೋಟ ಗಟ್ಟಿ ಹಾಲು ಕೊಟ್ಟ.

ಇನ್ನು ನನ್ನ ಗುರುಗಳ ವಿಷಯ. ವರ್ಕ್ಸ್ ಮ್ಯಾನೇಜರ್ ದಸ್ತೂರ್ ಸಾಹೇಬರು ಬೈಕುಲ್ಲಾದ ಪಾರ್ಸಿ, ನಮ್ಮೆಲ್ಲರಿಗಿಂತ ಮೊದಲು ಕಿವಿ ಕಳೆದುಕೊಂಡವರು. ಕಿವಿಗೊಂದು ಯಂತ್ರ ಹಾಕಿಕೊಳ್ಳುತ್ತಿದ್ದರು. ಯೂನಿಯನ್‌ನವರು ಬಂದು ಕುಳಿತರೆ ಆ ಯಂತ್ರದ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಆರಿಸಿ, ಬಹಳ ಗೌರವದಿಂದ ತಲೆಯಾಡಿಸುತ್ತಿದ್ದರು. ಯೂನಿಯನ್‌ನವರು ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಮ್ಯಾನೇಜರನ್ನು ನೋಡಿಲ್ಲವೆಂದು ಹೊಗಳಿಕೊಂಡು ಹೋಗುತ್ತಿದ್ದರು.

ಹೊಸದರಲ್ಲಿ ಅವರು ನನ್ನನ್ನು ಒಂದು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಕಾಂದಿವಲಿಯಿಂದ ಬೈಕುಲ್ಲಾದವರೆಗೆ ಕರೆದೊಯ್ದರು. ಡ್ರೈವರ್ ಎಷ್ಟು ಸಲ ಹಾರ್ನ್ ಬಾರಿಸುತ್ತಾನೆ ಎಂದು ಎಣಿಸುವುದು ನನ್ನ ಕೆಲಸ. ಅಂಧೇರಿ ಬರುವಷ್ಟರಲ್ಲಿ ನಾನು ಎಣಿಕೆ ಕೈಬಿಟ್ಟೆ. ಸಾಹೇಬರು ಹೇಳಿದ್ದು ಇಷ್ಟೇ: ಬೇರೆ ದೇಶಗಳಲ್ಲಿ ಹಾರ್ನ್ ಎಂದರೆ ಅಪಾಯದ ಗಂಟೆ, ಎಂದೋ ಒಂದು ದಿನ ಬಾರಿಸುತ್ತಾರೆ. ಇಲ್ಲಿ ಅದು ಡ್ರೈವರನ ನಾಲಿಗೆ. ಬಂದೆ ಎನ್ನುವುದಕ್ಕೂ ಹೋದೆ ಎನ್ನುವುದಕ್ಕೂ ಅದೇ, ಬೇಸರವಾದರೂ ಅದೇ. ಆದ್ದರಿಂದ ನಮ್ಮ ಜೈಲಿನಲ್ಲಿ ಕೆಲವು ವಾರಗಳಾದರೂ ಸಾಯದೆ ಇರುವ ಹಾರ್ನ್ ಮಾತ್ರ ಹೊರಗೆ ಹೋಗಬೇಕು. ಪ್ರಿಯಾ, ಪರೀಕ್ಷೆಯ ನಿಯಮಗಳನ್ನು ಪುಸ್ತಕದಿಂದ ಕಲಿ, ಬೇಡವೆನ್ನುವುದಿಲ್ಲ. ಆದರೆ ಒಂದು ಸಲ ಟ್ಯಾಕ್ಸಿಯಲ್ಲೂ ಕೂತು ಬಾ.

ಈಗ ಸುಲೋಚನಾಬಾಯಿಯವರ ವಿಷಯಕ್ಕೆ ಬರುತ್ತೇನೆ. ಶ್ರುತಿ ಕೂಡಿಸುವ ಹೆಂಗಸರ ಬೆಂಚಿನಲ್ಲಿ ಮೊದಲ ಸ್ಥಾನ ಅವರದು. ಬೈಕುಲ್ಲಾದ ಚಾಳಿನಿಂದ ದಾದರಿಗೆ, ಅಲ್ಲಿ ಗಾಡಿ ಬದಲಿಸಿ ಕಾಂದಿವಲಿಗೆ ದಿನವೂ ಬರುತ್ತಿದ್ದರು. ಗಂಡ ಬಟ್ಟೆ ಗಿರಣಿಯ ಕೆಲಸಗಾರ. ಗಿರಣಿಗಳ ದೊಡ್ಡ ಮುಷ್ಕರದ ನಂತರ ಆತನ ಗಿರಣಿ ಬಾಗಿಲು ತೆಗೆಯಲೇ ಇಲ್ಲ. ಆಮೇಲೆ ಮನೆ ನಡೆದದ್ದು ಈಕೆಯ ಸ್ಕ್ರೂಡ್ರೈವರಿನಿಂದ. ಅವರದು ಮರಾಠಿ, ನನ್ನದು ಮೈಸೂರು ಹಿಂದಿ. ನಮ್ಮ ಮಾತುಕತೆಯನ್ನು ಇಲ್ಲಿ ಬಹುಮಟ್ಟಿಗೆ ಕನ್ನಡದಲ್ಲೇ ಕೊಡುತ್ತಿದ್ದೇನೆ.

ಶ್ರುತಿಗೆ ಅಳತೆಗೋಲಾಗಿ ಒಂದು ಮಾಸ್ಟರ್ ಹಾರ್ನ್ ಇತ್ತು. ಪ್ರತಿದಿನ ಬೆಳಿಗ್ಗೆ ಅದನ್ನು ಬಾರಿಸಿ, ಅದಕ್ಕೆ ಸರಿಯಾಗಿ ಉಳಿದವನ್ನು ಕೂಡಿಸಬೇಕೆಂಬುದು ನಿಯಮ. ಆದರೆ ಅದು ಬೀರುವಿನಲ್ಲಿ, ಬೀರುವಿನ ಕೀಲಿ ದಸ್ತೂರ್ ಸಾಹೇಬರ ಜೇಬಿನಲ್ಲಿ, ಸಾಹೇಬರು ಬರುವುದು ನಿಧಾನ. ಹೀಗಾಗಿ ಹೆಂಗಸರು ತಮ್ಮದೇ ದಾರಿ ಕಂಡುಕೊಂಡಿದ್ದರು. ಸುಲೋಚನಾಬಾಯಿ ತಮ್ಮ ಗಲ್ಲಿಯ ಭಜನಾಮಂಡಳಿಯಲ್ಲಿ ಹಾಡುವವರು, ಮಾಸ್ಟರ್ ಹಾರ್ನಿನ ಸ್ವರ ಅವರ ಗಂಟಲಲ್ಲಿ ಕುಳಿತುಬಿಟ್ಟಿತ್ತು. ಬೆಳಿಗ್ಗೆ ಬೆಂಚಿಗೆ ಬಂದು, ಸೆರಗು ಸಿಕ್ಕಿಸಿ, ‘ಹೂಂ’ ಎಂದು ಒಮ್ಮೆ ಗುನುಗುವರು. ಬೆಂಚಿನ ಉದ್ದಕ್ಕೂ ಎಲ್ಲರೂ ಅದನ್ನು ಹಿಡಿದುಕೊಂಡು ಸ್ಕ್ರೂ ತಿರುಗಿಸಲು ಶುರುಮಾಡುವರು. ಸಂಗೀತ ಕಚೇರಿಯಲ್ಲಿ ತಂಬೂರಿಗೆ ಇರುವ ಸ್ಥಾನ ನಮ್ಮಲ್ಲಿ ಬಾಯಿಯವರಿಗಿತ್ತು.

ಒಂದು ಜೂನ್ ತಿಂಗಳಲ್ಲಿ ನಾನು ಮದುವೆಗೆಂದು ಮೈಸೂರಿಗೆ ಹೋದೆ, ನನ್ನದೇ ಮದುವೆ. ಅದೇ ವಾರ ಮುಂಬಯಿಯಲ್ಲಿ ಮೊದಲ ಮಳೆ ಸುರಿಯಿತು. ದಾದರ್ ಸ್ಟೇಷನ್ನಿನಲ್ಲಿ ನೆನೆದ ಸುಲೋಚನಾಬಾಯಿಗೆ ನೆಗಡಿಯಾಯಿತು. ರಜೆ ಹಾಕದೆ ಬಂದರು, ಎಂದಿನಂತೆ ‘ಹೂಂ’ ಎಂದರು. ಗಂಟಲು ಕಟ್ಟಿತ್ತು, ಕಿವಿ ಗುಂಯ್ ಎನ್ನುತ್ತಿತ್ತು, ಸ್ವರ ಕೆಳಗಿಳಿದಿತ್ತು. ಬೆಂಚಿನವರು ಅದನ್ನೇ ಹಿಡಿದುಕೊಂಡರು. ವಾರವಿಡೀ ತಯಾರಾದ ಹಾರ್ನುಗಳೆಲ್ಲ ಮೂಗು ಕಟ್ಟಿದವರ ಹಾಗೆ ಕೂಗಿದವು. ಕಾರಿನ ಕಂಪನಿಗೆ ಹೋದವು, ಕಾರಿಗೂ ಕೂತವು. ನಾನು ಹೆಂಡತಿ ವಿಶಾಲಾಳನ್ನು ಕರೆದುಕೊಂಡು ಹಿಂದಿರುಗುವ ಹೊತ್ತಿಗೆ ದೂರು ಬಂದಿತ್ತು. ಹೊಸ ಕಾರು ಕೊಂಡವರು ಹಾರ್ನ್ ಬಾರಿಸಿದರೆ ಹಳೆಯ ಕಾರಿನ ಹಾಗೆ ಕೇಳುತ್ತದಂತೆ.

ಎಲ್ಲವೂ ವಾಪಸ್ಸು ಬಂದವು. ಒಂದೊಂದಾಗಿ ಬಿಚ್ಚಿ ಸರಿಮಾಡಿದೆವು. ಕಾರಿನ ಕಂಪನಿಯವರು ಇದಕ್ಕೆ ಹೊಣೆ ಯಾರು, ಅವರ ಮೇಲೆ ಏನು ಕ್ರಮ ಎಂದು ಪಟ್ಟು ಹಿಡಿದದ್ದರಿಂದ ದಸ್ತೂರ್ ಸಾಹೇಬರು ವಿಧಿಯಿಲ್ಲದೆ ಬಾಯಿಯವರಿಗೆ ಒಂದು ಮೆಮೊ ಕೊಟ್ಟರು. ಕರ್ತವ್ಯದ ವೇಳೆಯಲ್ಲಿ ನಿರ್ಲಕ್ಷ್ಯದಿಂದ ನೆಗಡಿ ಹೊಂದಿದ್ದಕ್ಕಾಗಿ ಎಚ್ಚರಿಕೆ, ಎಂಬ ಅರ್ಥದ ಇಂಗ್ಲಿಷ್. ನಾನು ಓದಿ ಹೇಳಿದೆ. ಬಾಯಿ ಸೀನಿದರು. “ನೆಗಡಿ ಬರೋ ಮೊದಲು ಪರ್ಮಿಶನ್ ತಗೋಬೇಕಿತ್ತಾ ಸಾಹೇಬ?” ಎಂದು ಕೇಳಿದರು. ಬೆಂಚಿನವರೆಲ್ಲ ನಕ್ಕರು. ಬಾಯಿ ನಗಲಿಲ್ಲ. ಅಷ್ಟು ವರ್ಷ ಅವರ ಮೇಲೆ ಒಂದು ಮಾತೂ ಬಂದಿರಲಿಲ್ಲ. ಆ ಕಾಗದ ಅವರಿಗೆ ನಿಜವಾಗಿ ನೋವು ಕೊಟ್ಟಿತ್ತು.

ಆ ಹಾರ್ನುಗಳನ್ನು ಸರಿಮಾಡುವ ಕೆಲಸ ಮುಗಿಯುವ ಮೊದಲೇ ಸ್ವರ ಅಳೆಯುವ ಮೀಟರ್ ಬಂತು, ಮುಳ್ಳು ಹಸಿರು ಗೆರೆಯಲ್ಲಿ ನಿಲ್ಲಬೇಕು. ಕೆಲಸ ಸುಲಭವಾಯಿತು, ತಪ್ಪು ಕಡಿಮೆಯಾಯಿತು. ಹಳೆಯ ಕಾಲವೇ ಚೆಂದ ಎಂದು ನಾನು ಹೇಳುವುದಿಲ್ಲ. ಮುಳ್ಳಿಗೆ ನೆಗಡಿಯಾಗುವುದಿಲ್ಲ. ಆದರೂ ಬಾಯಿ ಬೆಳಿಗ್ಗೆ ಬಂದು ‘ಹೂಂ’ ಎನ್ನುವುದನ್ನು ಬಿಡಲಿಲ್ಲ, ಬೆಂಚಿನವರೂ ಅದನ್ನು ಕೇಳದೆ ಕೆಲಸ ಶುರುಮಾಡುತ್ತಿರಲಿಲ್ಲ. ದಸರೆಯ ಆಯುಧಪೂಜೆಗೆ ಬಂದಿದ್ದ ವಿಶಾಲಾ ಆ ಗುನುಗನ್ನು ಕೇಳಿ, ಮೀಟರಿನ ಮುಳ್ಳನ್ನೂ ನೋಡಿ, ಎರಡೂ ಒಂದೇ ಕಡೆ ಇವೆಯಲ್ಲ ಎಂದು ಆಶ್ಚರ್ಯಪಟ್ಟಳು.

ಎಂಬತ್ತರ ದಶಕದ ಕೊನೆ ನಮ್ಮ ಪಾಲಿಗೆ ಸುಗ್ಗಿ. ರಸ್ತೆಯ ತುಂಬ ಹೊಸ ಸಣ್ಣ ಕಾರುಗಳು, ಕಾರಿಗೊಂದು ಹಾರ್ನ್. ಕ್ಯಾಂಟೀನ್ ನಡೆಸುತ್ತಿದ್ದ ಕಾರ್ಕಳ ಕಡೆಯ ವಾಸಣ್ಣ ಇಡ್ಲಿ ಪಾತ್ರೆಯನ್ನು ದೊಡ್ಡದು ಮಾಡಿಸಿಕೊಂಡರು. ಅಷ್ಟರಲ್ಲಿ ದಸ್ತೂರ್ ಸಾಹೇಬರು ನಿವೃತ್ತರಾದರು. ಬೀಳ್ಕೊಡುಗೆಯ ಭಾಷಣಗಳು ಶುರುವಾದಾಗ ಕಿವಿಯ ಯಂತ್ರದ ಗುಂಡಿ ತಿರುಗಿಸಿದ್ದನ್ನು ನಾನೊಬ್ಬನೇ ನೋಡಿದೆ. ಅವರ ಜಾಗಕ್ಕೆ ಮಾಲೀಕರ ಮಗ ಬಂದ. ಅವನಿಗೆ ಎಲ್ಲರೂ ಚಿಕ್ಕ ಸೇಠ್ ಎನ್ನುತ್ತಿದ್ದರು. ಕೆಟ್ಟ ಹುಡುಗನಲ್ಲ. ವಿದೇಶದಲ್ಲಿ ಓದಿ ಬಂದವನು, ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳುವವನು.

ಮೊದಲು ಗಮನಿಸಿದವರು ಸುಲೋಚನಾಬಾಯಿ. ಆ ವರ್ಷ ದೀಪಾವಳಿಗೆ ಗೋಡೆಗೆ ಸುಣ್ಣ ಹೊಡೆಸಲಿಲ್ಲ. ಒಡೆದ ಕಿಟಕಿಗೆ ಗಾಜಿನ ಬದಲು ರಟ್ಟು ಬಂತು. “ಗಂಡನ ಗಿರಣಿಯಲ್ಲೂ ಹೀಗೇ ಶುರುವಾಗಿತ್ತು ಸಾಹೇಬ. ಮುಚ್ಚೋ ಮನೆಗೆ ಯಾರೂ ಸುಣ್ಣ ಹೊಡೆಸಲ್ಲ,” ಎಂದರು. ಆರ್ಡರುಗಳು ತುಂಬಿ ತುಳುಕುತ್ತಿರುವಾಗ ಯಾಕೆ ಮುಚ್ಚುತ್ತಾರೆ ಎಂದು ನಾನು ಅವರಿಗೆ ಧೈರ್ಯ ಹೇಳಿದೆ. ಆರ್ಡರ್ ಇದ್ದರೂ ಕಾರ್ಖಾನೆ ಮುಚ್ಚಬಹುದು ಎಂಬ ಸಂಗತಿ ಆಗ ನನ್ನ ತಲೆಗೆ ಹೊಳೆಯುವಂಥದ್ದಾಗಿರಲಿಲ್ಲ.

ತೊಂಬತ್ತೊಂದರ ನಂತರ ಆಮದಿನ ಬಾಗಿಲು ತೆರೆಯಿತು, ಸುಂಕ ಇಳಿಯತೊಡಗಿತು. ಒಂದು ದಿನ ನನ್ನ ಮೇಜಿನ ಮೇಲೆ ಅಚ್ಚುಕಟ್ಟಾದ ರಟ್ಟಿನ ಪೆಟ್ಟಿಗೆ ಕೂತಿತ್ತು. ಒಳಗೆ ತೈವಾನಿನಲ್ಲಿ ಮಾಡಿದ ಹಾರ್ನುಗಳು. ಚಿಕ್ಕ ಸೇಠ್ ಮುಚ್ಚುಮರೆ ಮಾಡದೆ ಹೇಳಿದ: ಅಲ್ಲಿ ಮಾಡಿಸಿ ಇಲ್ಲಿಗೆ ತಂದರೆ ನಾವು ಮಾಡುವುದಕ್ಕಿಂತ ಅಗ್ಗ. ಜೈಲಿನಲ್ಲಿ ಇಟ್ಟು ನೋಡಿ. ಬಾಳಿದರೆ ಎಲ್ಲವನ್ನೂ ಅಲ್ಲೇ ಮಾಡಿಸುವುದು. ಆಮೇಲೆ ಕಾಂದಿವಲಿಯಲ್ಲಿ ನಮ್ಮ ಹೆಸರಿನ ಸ್ಟಿಕರ್ ಅಂಟಿಸುವ ಕೆಲಸ ಮಾತ್ರ ಇರುತ್ತದೆ.

ಜೈಲಿಗೆ ಹಾಕಿದೆ. ಸುದ್ದಿ ಬೆಂಚಿಗೆ ಹೋಗಲು ಎಷ್ಟು ಹೊತ್ತು ಬೇಕು? ಮರುದಿನ ಬೆಳಿಗ್ಗೆ ಸುಲೋಚನಾಬಾಯಿ ಸೆರಗು ಸಿಕ್ಕಿಸಿಕೊಳ್ಳುತ್ತಲೇ ನನ್ನ ಬಾಗಿಲಲ್ಲಿ ಇಣುಕಿ, “ಮೇಲಾ ಕಾ?” ಎಂದರು. ಮರಾಠಿಯಲ್ಲಿ ‘ಸತ್ತಿತಾ?’ ಎಂದು. ಇನ್ನೂ ಇಲ್ಲ ಎಂದೆ. ಮಧ್ಯಾಹ್ನ ವಾಸಣ್ಣ ಚಹಾ ತಂದ ನೆಪದಲ್ಲಿ ಬಂದು ಅದನ್ನೇ ಕೇಳಿದರು. ಇಡೀ ಕಾರ್ಖಾನೆ ಒಬ್ಬರ ಸಾವಿಗಾಗಿ ಅಷ್ಟು ಭಕ್ತಿಯಿಂದ ಕಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಪುಣ್ಯಕ್ಕೆ ಅವು ಬೇರೆ ದೇಶದ ರೂಢಿಗೆ ಮಾಡಿದ ಹಾರ್ನುಗಳು, ಎಂದೋ ಒಂದು ದಿನ ಕೂಗಬೇಕಾದಂಥವು. ನಮ್ಮ ಜೈಲಿನಲ್ಲಿ ವಾರ ತುಂಬುವ ಮೊದಲೇ ಒಂದೊಂದಾಗಿ ಗೊರಗೊರ ಎಂದು ಪ್ರಾಣ ಬಿಟ್ಟವು. ಅಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಶಿರಾ. ವಾಸಣ್ಣ ಗೋಡಂಬಿಯನ್ನೂ ಹಾಕಿದ್ದರು.

ನಾನು ಖುಷಿಯಿಂದ ವರದಿ ಬರೆದೆ. ಸತ್ತ ಹಾರ್ನುಗಳನ್ನು ಕೊಯ್ದು, ಯಾವ ಪಾಯಿಂಟ್ ಸುಟ್ಟಿದೆ, ಯಾವ ತಗಡು ಎಲ್ಲಿ ಬಿರುಕು ಬಿಟ್ಟಿದೆ, ಎಷ್ಟು ದಪ್ಪವಿದ್ದಿದ್ದರೆ ತಡೆಯುತ್ತಿತ್ತು, ಎಲ್ಲವನ್ನೂ ಚಿತ್ರ ಸಮೇತ ಬರೆದೆ. ಅಷ್ಟು ಒಳ್ಳೆಯ ವರದಿಯನ್ನು ನನ್ನ ಜನ್ಮದಲ್ಲಿ ಬರೆದಿರಲಿಲ್ಲ. ಚಿಕ್ಕ ಸೇಠ್ ಓದಿ, ಕೈಕುಲುಕಿ, ಅದನ್ನು ಹಾಗೆಯೇ ತೈವಾನಿಗೆ ಕಳಿಸಿದ. ಜೊತೆಗೆ ಅಲ್ಲಿನವರಿಗೆ ಮಾದರಿಯಾಗಿರಲೆಂದು ನಮ್ಮ ಹಾರ್ನುಗಳ ಒಂದು ಪೆಟ್ಟಿಗೆಯನ್ನೂ ಸ್ಟೋರಿನಿಂದ ಕಳಿಸಿಕೊಟ್ಟ.

ಕೆಲವು ತಿಂಗಳ ಮೇಲೆ ಎರಡನೆಯ ಪೆಟ್ಟಿಗೆ ಬಂತು, ಜೊತೆಗೆ ಲಿನ್ ಎಂಬ ತೈವಾನಿನ ಇಂಜಿನಿಯರ್. ಬಹಳ ಸಜ್ಜನ. ನನ್ನ ವರದಿಯನ್ನು ತಮ್ಮ ಕಾರ್ಖಾನೆಯ ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡಿದೆವೆಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಹೇಳಿದ. ವಾಸಣ್ಣನ ಮಸಾಲೆ ದೋಸೆಯನ್ನು ಕಣ್ಣೀರು ಸುರಿಸಿಕೊಂಡೇ ಪೂರ್ತಿ ತಿಂದ. ಆತನನ್ನು ದ್ವೇಷಿಸಬೇಕೆಂದು ನಾವೆಲ್ಲ ಪ್ರಯತ್ನಪಟ್ಟೆವು, ಯಾರಿಗೂ ಸಾಧ್ಯವಾಗಲಿಲ್ಲ.

ಎರಡನೆಯ ಪೆಟ್ಟಿಗೆಯ ಹಾರ್ನುಗಳು ಜೈಲಿಗೆ ಹೋದವು. “ಮೇಲಾ ಕಾ?” ಇಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು, ಅವು ಕೂಗುತ್ತಲೇ ಇದ್ದವು. ಬೆಂಚಿನ ಹೆಂಗಸರು ಕೆಲಸದ ನಡುವೆ ತಲೆಯೆತ್ತಿ ಜೈಲಿನ ಕಡೆ ಕಿವಿಗೊಡುತ್ತಿದ್ದರು. ಒಂದು ಮಧ್ಯಾಹ್ನ ವಾಸಣ್ಣ ಚಹಾದ ಲೋಟ ಇಟ್ಟು, ಪಕ್ಕದ ಸ್ಟೂಲಿನಲ್ಲಿ ಕೂತು, ಸ್ವಿಚ್ ಬೋರ್ಡಿನ ದಪ್ಪ ಗುಂಡಿಯನ್ನು ನೋಡಿದರು.

“ಕರೆಂಟು ಸ್ವಲ್ಪ ಜಾಸ್ತಿ ಕೊಟ್ರೆ ಎಂತ ಆಗ್ತದೆ?”

“ಸುಟ್ಟುಹೋಗತ್ತೆ.”

“ಮತ್ತೆಂತ ನೋಡ್ತಾ ಕೂತದ್ದು ಮಾರಾಯ್ರೆ?”

ಬಾಗಿಲಲ್ಲಿ ಸುಲೋಚನಾಬಾಯಿ ನಿಂತಿದ್ದರು. ಕನ್ನಡ ಬಾರದಿದ್ದರೂ ವಾಸಣ್ಣನ ಕಣ್ಣು ಯಾವ ಕಡೆಗಿದೆ ಎಂಬುದು ಅವರಿಗೆ ತಿಳಿದಿತ್ತು. ಅವರೂ ನನ್ನ ಮುಖ ನೋಡಿದರು. ಬೆಂಚಿನ ಅಷ್ಟೂ ಜನರ ಒಲೆ ಆ ಗುಂಡಿಯ ಮೇಲೆ ನಿಂತಿತ್ತು. ಆದರೆ ಅದನ್ನು ತಿರುಗಿಸಿ ಒಂದು ಹಾರ್ನನ್ನು ಕೊಂದೆನೆಂದರೆ, ಅಷ್ಟು ವರ್ಷ ನಾನು ‘ಇದು ಬಾಳುತ್ತದೆ’ ಎಂದು ಕಳಿಸಿದ ಹಾರ್ನುಗಳೆಲ್ಲವೂ ಸುಳ್ಳಾಗುತ್ತಿದ್ದವು. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ನಾನು ಗುಂಡಿ ಮುಟ್ಟದೆ ಚಹಾ ಕುಡಿದು ಮುಗಿಸಿದೆ. ವಾಸಣ್ಣ ಖಾಲಿ ಲೋಟ ತೆಗೆದುಕೊಂಡು ಎದ್ದರು, ಬೇಸರವನ್ನೇನೂ ತೋರಿಸಲಿಲ್ಲ.

ಬಾಯಿ ಮಾತ್ರ ಕದಲಲಿಲ್ಲ. ಜೈಲಿನ ಬಾಗಿಲನ್ನು ಸ್ವಲ್ಪ ತೆಗೆಯಿರಿ ಎಂದರು. ತೆಗೆದೆ. ಆ ಗಲಾಟೆಯಲ್ಲಿ ಅವರು ಕಣ್ಣುಮುಚ್ಚಿ, ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿದರು. ಒಮ್ಮೆ ‘ಹೂಂ’ ಎಂದರು. ತಲೆಯಾಡಿಸಿ, ಮೂಗನ್ನು ಬೆರಳಿನಿಂದ ಒತ್ತಿಹಿಡಿದು ಇನ್ನೊಮ್ಮೆ ‘ಹೂಂ’ ಎಂದರು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ. ಅವರು ನಗುತ್ತಿದ್ದರು.

“ಸಾಹೇಬ, ಹೀ ಮಾಝೀ ಸರ್ದೀ,” ಎಂದರು. ಇದು ನನ್ನ ನೆಗಡಿ.

ಮೀಟರ್ ಹಚ್ಚಿ ನೋಡಿದೆ. ಮುಳ್ಳು ಹಸಿರು ಗೆರೆಯ ಕೆಳಗೆ, ವಾಪಸ್ಸು ಬಂದ ಆ ಜೂನ್ ತಿಂಗಳ ಹಾರ್ನುಗಳು ನಿಂತ ಜಾಗದಲ್ಲೇ ನಿಂತಿತು. ನೇರವಾಗಿ ಸ್ಟೋರ್ ಕೀಪರ್ ಬಳಿಗೆ ಹೋದೆ. ತೈವಾನಿಗೆ ಮಾದರಿಯೆಂದು ಯಾವ ಪೆಟ್ಟಿಗೆ ಕೊಟ್ಟೆ ಎಂದು ಕೇಳಿದೆ. ಮೆಟ್ಟಿಲಿನ ಕೆಳಗೆ ವರ್ಷಗಳಿಂದ ಬಿದ್ದಿತ್ತಲ್ಲ, ಅದನ್ನೇ ಕೊಟ್ಟೆ ಎಂದ. ನಾವು ಸರಿಮಾಡುವಾಗ ಕಣ್ಣಿಗೆ ಬೀಳದೆ ಉಳಿದ ಪೆಟ್ಟಿಗೆ ಅದು. ಪುಕ್ಕಟೆ ಕೊಡುವುದಕ್ಕೆ ಒಳ್ಳೆಯ ಮಾಲು ಯಾಕೆ ಎಂದು ಅವನು ನನ್ನನ್ನೇ ಕೇಳಿದ. ಕಂಪನಿಗೆ ಉಪಕಾರ ಮಾಡಿದ ತೃಪ್ತಿ ಅವನ ಮುಖದಲ್ಲಿತ್ತು. ಪಾಪ, ಲಿನ್‌ನವರು ಶ್ರದ್ಧಾವಂತರು. ಬಾಳಿಕೆಗೆ ನನ್ನ ವರದಿ ಓದಿದ್ದರು, ಸ್ವರಕ್ಕೆ ಆ ಪೆಟ್ಟಿಗೆಯನ್ನು ಕೇಳಿದ್ದರು. ಬಾಯಿಯವರ ನೆಗಡಿಯನ್ನು ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಮಾಡಿಕೊಟ್ಟಿದ್ದರು.

ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ. ಗುಂಡಿ ತಿರುಗಿಸಬೇಕಾಗಿಲ್ಲ, ಸುಳ್ಳು ಹೇಳಬೇಕಾಗಿಲ್ಲ, ನಿಜವಾದ ತಪ್ಪೇ ಕೈಗೆ ಸಿಕ್ಕಿತ್ತು. ಇದೇ ಸ್ವರಕ್ಕಾಗಿ ಇಡೀ ಸರಕು ವಾಪಸ್ಸು ಬಂದಿತ್ತು, ಇದೇ ಸ್ವರಕ್ಕಾಗಿ ಒಬ್ಬ ಹೆಣ್ಣುಮಗಳಿಗೆ ಮೆಮೊ ಕೊಟ್ಟಿದ್ದರು. ಚಿಕ್ಕ ಸೇಠ್ ಬಳಿಗೆ ಹೋಗಿ, ಸ್ವರ ನಮ್ಮ ಡ್ರಾಯಿಂಗಿನಲ್ಲಿ, ಎಂದರೆ ಅಳತೆಗಳನ್ನೆಲ್ಲ ಗೊತ್ತುಮಾಡಿಟ್ಟ ನಕ್ಷೆಯಲ್ಲಿ, ಇದ್ದಂತಿಲ್ಲ, ಈ ಹಾರ್ನನ್ನು ಒಪ್ಪಲು ಬರುವುದಿಲ್ಲ ಎಂದೆ. ಹೊರಗೆ ಬೆಂಚಿನವರು ಸ್ಕ್ರೂಡ್ರೈವರ್ ಕೆಳಗಿಟ್ಟು ಕಾಯುತ್ತಿದ್ದರು.

ಅವನು ಹಾರ್ನನ್ನು ಎತ್ತಿ ತಿರುಗಿಸಿ ನೋಡಿದ. ಕಾರಿನ ಕಂಪನಿಗೆ ಫೋನ್ ಮಾಡಿದ. ಅವನು ಕಳಿಸಿದ್ದ ಮಾದರಿಯನ್ನು ಅವರು ಆಗಲೇ ಬಾರಿಸಿ ಕೇಳಿದ್ದರು. ಗಂಭೀರವಾಗಿದೆ, ದೊಡ್ಡ ಕಾರಿನ ಸ್ವರ, ಫಾರಿನ್ ಅನ್ನಿಸುತ್ತದೆ ಎಂದರಂತೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಿತ್ತಲ ನೆಗಡಿಯೂ ಹಡಗು ಹತ್ತಿ ಬಂದರೆ ಮದ್ದಾಗುತ್ತದೆ ಎಂದು ನನಗೆ ಅಂದು ತಿಳಿಯಿತು. ಚಿಕ್ಕ ಸೇಠ್ ಫೋನ್ ಇಟ್ಟು ಬಹಳ ಸೌಮ್ಯವಾಗಿಯೇ ಹೇಳಿದ.

“ಶ್ರೀಕಾಂತ್‌ಜಿ, ಡ್ರಾಯಿಂಗ್ ಬದಲಾಯಿಸಿಬಿಡಿ.”

ಬದಲಾಯಿಸಿದರು. ಮೀಟರಿನ ಹಸಿರು ಗೆರೆಯನ್ನು ಕೆರೆದು ಅಳಿಸಿ, ಕೆಳಗೆ ಹೊಸದೊಂದನ್ನು ಎಳೆದರು. ನಾನು ಬೆಂಚಿಗೆ ಬಂದು ವಿಷಯ ಹೇಳಿದಾಗ ಯಾರೂ ಕೂಗಾಡಲಿಲ್ಲ. ಸುಲೋಚನಾಬಾಯಿ ಸ್ಕ್ರೂಡ್ರೈವರನ್ನು ಸೆರಗಿನಿಂದ ಒರೆಸುತ್ತ ಒಂದೇ ಮಾತು ಕೇಳಿದರು: “ಹಾಗಾದ್ರೆ ನನ್ನ ಮೆಮೊ ವಾಪಸ್ ತಗೋತಾರಾ?”

ಅದನ್ನೂ ಹೋಗಿ ಕೇಳಿದೆ. ಯಾವ ಮೆಮೊ ಎಂದ ಚಿಕ್ಕ ಸೇಠ್.

ಬೆಂಚು ಖಾಲಿಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಸ್ವಯಂ ನಿವೃತ್ತಿ ಎಂದು ಅದಕ್ಕೊಂದು ಹೆಸರಿಟ್ಟಿದ್ದರು. ಅದರಲ್ಲಿ ಸ್ವಯಂ ಏನಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಕೊನೆಯ ದಿನ ಭಯ್ಯಾ ಒಂದು ಕ್ಯಾನ್ ಹಾಲು ತಂದುಕೊಟ್ಟ, ವಾಸಣ್ಣ ಪಾಯಸ ಮಾಡಿದರು. ಬಾಯಿ ಬೆಂಚಿಗೆ ಕುಂಕುಮ ಹಚ್ಚಿ, ಎಂದಿನಂತೆ ‘ಹೂಂ’ ಎಂದರು. ಹಳೆಯ ಸ್ವರ, ಅಳಿಸಿಹೋದ ಹಸಿರು ಗೆರೆಯ ಸ್ವರ. ಆಮೇಲೆ ಚೀಲ ತೆಗೆದುಕೊಂಡು ಸ್ಟೇಷನ್ನಿಗೆ ನಡೆದರು. ನನ್ನನ್ನು ಇಟ್ಟುಕೊಂಡರು, ಹೊರಗಿನಿಂದ ಬಂದದ್ದನ್ನು ಕೇಳಿ ನೋಡಲು ಒಬ್ಬ ಬೇಕಲ್ಲ. ಅಷ್ಟು ದೊಡ್ಡ ಶೆಡ್ಡಿನಲ್ಲಿ ಸ್ಟಿಕರ್ ಅಂಟಿಸುವ ಇಬ್ಬರು, ಜೈಲಿನ ಮುಂದೆ ನಾನು. ಬೆಳಿಗ್ಗೆ ಬಾಗಿಲ ಕಡೆ ನೋಡುತ್ತಿದ್ದೆ. ಸತ್ತಿತಾ ಎಂದು ಕೇಳಲು ಯಾರೂ ಬರುತ್ತಿರಲಿಲ್ಲ. ನನ್ನ ಕೆಲಸ ಉಳಿದದ್ದಕ್ಕೆ ಮನೆಯಲ್ಲಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ನನಗೆ ಆ ದೀಪದ ಮುಂದೆ ನಿಲ್ಲಲು ಕಷ್ಟವಾಯಿತು.

ಒಂದೆರಡು ವರ್ಷದ ಮೇಲೆ ದಸ್ತೂರ್ ಸಾಹೇಬರನ್ನು ನೋಡಲು ಬೈಕುಲ್ಲಾಕ್ಕೆ ಹೋದವನು ಸುಲೋಚನಾಬಾಯಿಯವರ ಚಾಳನ್ನೂ ಹುಡುಕಿಕೊಂಡು ಹೋದೆ. ಮಾರುಕಟ್ಟೆಯ ಹಮಾಲರಿಗೆ ಊಟ ಹಾಕುವ ಖಾನಾವಳಿ ಇಟ್ಟುಕೊಂಡಿದ್ದರು. ರಸ್ತೆಯ ಅಂಚಿಗೆ ಒಂದು ಒಲೆ, ಎರಡು ಬೆಂಚು. ರೊಟ್ಟಿ ತಟ್ಟುವುದು ಬಾಯಿ, ಬಡಿಸುವುದು ಗಂಡ. ನನ್ನನ್ನು ಕೂರಿಸಿ, ಬೇಡವೆಂದರೂ ಬಿಡದೆ ಬಡಿಸಿದರು. ಬೆಂಚಿನ ಹಳಬರಲ್ಲಿ ಯಾರು ಎಲ್ಲಿದ್ದಾರೆ ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳಿದರು. ಕೆಲವರಿಗೆ ಏನೋ ಒಂದು ಸಿಕ್ಕಿತ್ತು, ಕೆಲವರು ಊರಿಗೆ ಹೋಗಿದ್ದರು. ತಮ್ಮ ಬಗ್ಗೆ ಕೇಳಿದ್ದಕ್ಕೆ ಹಿಟ್ಟಿನ ಕೈ ತೋರಿಸಿದರು.

ಅಷ್ಟರಲ್ಲಿ ಕೈಗಾಡಿಯೊಂದು ಅಡ್ಡ ಬಂದು ರಸ್ತೆ ಕಟ್ಟಿತು. ಹಿಂದೆ ಸಿಕ್ಕಿಕೊಂಡ ಹೊಸ ಕಾರು ಹ್ಞಾಂ ಎಂದು ಹಾರ್ನ್ ಬಾರಿಸಿತು. ಅದರ ಹಿಂದಿನ ಕಾರೂ ಬಾರಿಸಿತು, ಅದರ ಹಿಂದಿನದೂ. ರಸ್ತೆಯ ಉದ್ದಕ್ಕೂ ಒಂದೇ ಸ್ವರ, ಮೂಗು ಕಟ್ಟಿದ ಸ್ವರ. ನಾನು ತುತ್ತು ಕೈಯಲ್ಲೇ ಹಿಡಿದುಕೊಂಡು ಅವರ ಮುಖ ನೋಡಿದೆ. ಬಾಯಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಕೊನೆಯ ಕಾರು ಸುಮ್ಮನಾಗುವವರೆಗೆ ಕೇಳಿದರು. ಆಮೇಲೆ ಹಿಟ್ಟಾದ ಮಣಿಕಟ್ಟಿನಿಂದ ಮೂಗು ಒರೆಸಿಕೊಂಡರು.

“ನೋಡಿ ಸಾಹೇಬ,” ಎಂದರು, “ಇನ್ನೂ ವಾಸಿಯಾಗಿಲ್ಲ.”